ಕುಲುಕಿದ ಸ್ಪ್ರಿಂಗು

ಅಲ್ಲ, ಯಂತ್ರ ಕುಲುಕಿದೆ ಅಂದ್ರೆ ನಗು ಯಾಕೆ ಬಂತು ನಿಂಗೆ? ಹೇಳು ಸ್ವಪ್ನಾ! ಗುಡ್ಡದ ಮೇಲಿನ ಹಾಸ್ಟೆಲ್ ಗೋಡೆ ಬಿರುಕು ಬಿಟ್ಟಿದೆ, ಇನ್ನೊಂದ್ಸಲ ಅಳೆದು ಬಾ ಅಂತ ಕಳಿಸಿದ್ರೆ, ಕೆಳಗೆ ನೆಲ ಪೊಳ್ಳಿದೆ ಅಂತ ಬರ್ಕೊಂಡು ಬಂದಿದ್ದೀಯಲ್ಲ! ಹೋದ ವರ್ಷ ನಾನು, ಈ ಸುರೇಂದ್ರ, ಅಳೆದು, ನೆಲ ಗಟ್ಟಿ ಅಂತ ಸಹಿ ಹಾಕಿದ ಜಾಗ ಅದು. ಆ ಸಹಿ ನೋಡಿಯೇ ಹಾಸ್ಟೆಲ್ ಕಟ್ಟಿದ್ದು!

ತಪ್ಪು ನಿಂದೇ ಮಾರಾಯ್ತಿ. ಭೂಮಿ ಎಷ್ಟು ಎಳೀತದೆ, ಕೆಳಗೆ ಪೊಳ್ಳಿದ್ರೆ ಎಷ್ಟು ಕಮ್ಮಿ ಎಳೀತದೆ ಅಂತ ಹೇಳೋದು ಈ ಗ್ರಾವಿಮೀಟರಿನ ಒಳಗಿರೋ ಸ್ಪ್ರಿಂಗು. ಕೂದಲೆಳೆಯಷ್ಟು ಸಣ್ಣದು. ಹೊಸನಗರ ರಸ್ತೇಲಿ ಜೀಪು ಒಂದ್ಸಲ ಎತ್ತಿ ಹಾಕ್ತು ಅಂದ್ರೆ ಮುಗೀತು, ಎಳೆದದ್ದು ತಕ್ಷಣ ಮೊದಲಿನಂತಾಗಲ್ಲ. ಹಿಸ್ಟರೆಸಿಸ್! ಓದಿದ್ದೀಯೋ ಇಲ್ವೋ? ಲಾಕ್ ಮಾಡದೆ ತಗೊಂಡು ಹೋದೆ, ಕುಲುಕಿತು, ಸುಳ್ಳು ತೋರಿಸ್ತು. ಅಷ್ಟು ಬರ್ದು ಕೆಳಗೆ ಸಹಿ ಹಾಕು.

ಏನು, ಯಂತ್ರ ಇಲ್ಲೇ ಇಟ್ಟು ನಾನು ನೋಡ್ಬೇಕಾ? ಹೌದು, ಬೆಳಿಗ್ಗೆ ಇದೇ ಕೆಳದಿ ದೇವಸ್ಥಾನದ ಮೆಟ್ಟಿಲ ಮೇಲಿಟ್ಟು ಶುರು ಮಾಡಿದ್ದು. ಸ್ಪ್ರಿಂಗ್ ಕೆಟ್ಟಿದ್ರೆ ಈಗ ಇಲ್ಲೂ ಬೇರೆ ಅಂಕಿ ಬರ್ಬೇಕು. ನಿಂಗೆ ಅದನ್ನ ಕಲಿಸಿದವ್ನೇ ನಾನು! ಸರಿ, ಆ ಕಡೆ ಸರ್ಕೊ...

...ಬೆಳಗಿನ ಅಂಕಿನೇ.

ಆಯ್ತಲ್ಲ, ಏನೀಗ! ವಾಪಸ್ ಬರೋವಾಗ ಸುಧಾರಿಸ್ಕೊಂಡಿದೆ. ಅಲ್ಲಿ ಕೆಟ್ಟಿತ್ತು, ಇಲ್ಲಿ ಸರಿಯಾಯ್ತು. ಎಂತಕ್ಕೆ ಪುಸ್ತಕ ನನ್ನ ಮುಖಕ್ಕೆ ಹಿಡೀತೀಯಾ? ಹಾಸ್ಟೆಲ್ ಹತ್ರ ಮೂರು ಸಲ ಓದಿದ್ಯಾ? ಅರ್ಧರ್ಧ ಗಂಟೆ ಬಿಟ್ಟು?

ಮೂರೂ ಒಂದೇ... ಸ್ಪ್ರಿಂಗು ಸುಧಾರಿಸ್ತಾ ಇದ್ದಿದ್ರೆ ಬದಲಾಗ್ಬೇಕಿತ್ತು.

ಯಾರು ಹೇಳಿದ್ರು ನಿಂಗೆ ಮೂರು ಸಲ ಓದೋಕೆ? ಅಧಿಕಪ್ರಸಂಗಿ! ಹಾಗೆ ನೋಡ್ಬೇಡ. ನೋಡ್ಬೇಡ ಅಂದೆ! ಬೈಯೋದಿದ್ರೆ ಬೈದು ಬಿಡು.

ಹೋದ ವರ್ಷ ಅವತ್ತು ಮಳೆ ಹುಯ್ತಿತ್ತು. ಗುಡ್ಡ ಹತ್ತೋಕೆ ಆಗ್ಲಿಲ್ಲ. ಆಗ್ಲಿಲ್ಲ ಅಂದ್ರೆ... ಹತ್ಲಿಲ್ಲ. ಯಂತ್ರದ ಪೆಟ್ಟಿಗೆ ಮುಚ್ಚಳ ತೆಗೀಲೇ ಇಲ್ಲ ನಾನು. ಜೀಪಲ್ಲೇ ಕೂತು, ಅಕ್ಕಪಕ್ಕದ ಜಾಗದ ಅಂಕಿ ನೋಡ್ಕೊಂಡು, ಹೊಂದೋ ಹಾಗೆ ಬರ್ದೆ. ಜಂಬಿಟ್ಟಿಗೆ ಕಲ್ಲಿನ ಗುಡ್ಡ, ಗಟ್ಟಿಯಾಗೇ ಇರ್ತದೆ ಅಂದ್ಕೊಂಡೆ. ಈಗ ಸಮಾಧಾನ ಆಯ್ತಾ ನಿಂಗೆ?

ಫೋನ್ ಯಾರಿಗೆ? ವಾರ್ಡನ್ನಿಗಾ? ಇಡು! ನನ್ನ ಕೆಲ್ಸ ಹೋಗ್ತದೆ, ಕೇಸ್ ಆಗ್ತದೆ... ಏನಂದೆ? ಒಳಗೆ ಅರವತ್ತು ಹುಡುಗೀರಾ?

...ರಿಂಗಾಗ್ತಿದ್ಯಾ?

ಮೊದ್ಲು ಹುಡುಗೀರನ್ನ ಹೊರಗೆ ಕರ್ಕೊಂಡು ಬನ್ನಿ ಅಂತ ಹೇಳು. ನನ್ನ ಹೆಸ್ರು ಆಮೇಲೆ ಹೇಳು.