ಹಳೆಯ ತೂತಿಗೆ ಇಟ್ಟ ಡ್ರಿಲ್

ಆಲ್ಡರ್ ಕೌಂಟಿ ಶೆರಿಫ್ ಕಚೇರಿ, ನೋರ್ಬಿ, ಮಿನ್ನೆಸೋಟ

ಹೆಸರು: ಲಾವೋನ್ ಟೋರ್ಗರ್ಸನ್. ವಯಸ್ಸು: 53 ವರ್ಷ. ಕೆಲಸ: ನೋರ್ಬಿ ಮುಖ್ಯ ಬೀದಿಯಲ್ಲಿ ಕೂದಲು ಕತ್ತರಿಸುವ ಅಂಗಡಿ, ಒಂದೇ ಕುರ್ಚಿಯದು. ವಾಸ: ಸ್ಪಿಕರ್ ಕೆರೆ ದಂಡೆಯ ರಸ್ತೆ. ಸದ್ಯ ಅಕ್ಕನ ಮನೆ, ನೋರ್ಬಿ.

ಮೇಲ್ಕಂಡ ನಾನು ಠಾಣೆಗೆ ಖುದ್ದಾಗಿ ಬಂದು ಹೇಳಿ ಬರೆಸುತ್ತಿರುವುದೇನೆಂದರೆ, ನನ್ನ ಗಂಡ ಡ್ವೇನ್ ಟೋರ್ಗರ್ಸನ್ ತನ್ನ ಬ್ಯಾಟರಿ ಡ್ರಿಲ್ಲನ್ನು ಮಿಲೋ ಪೆಲ್ಟೋನೆನ್ ಕದ್ದಿದ್ದಾನೆ ಎಂದು ಕಳೆದ ಸೋಮವಾರ ದೂರು ಕೊಟ್ಟಿದ್ದಾನೆ. ಮಿಲೋ ಶಾಲೆಯ ಬಸ್ಸಿನ ಚಾಲಕ. ಕಳ್ಳತನದ ಕೇಸು ದಾಖಲಾದರೆ ಅವನನ್ನು ಬಸ್ಸಿನಿಂದ ಇಳಿಸುತ್ತಾರೆ. ಆದ್ದರಿಂದ ನಡೆದದ್ದನ್ನು ನಡೆದ ಹಾಗೆ ಹೇಳುತ್ತಿದ್ದೇನೆ. ಮಾತುಗಳನ್ನು ಆಡಿದಂತೆಯೇ ಹೇಳಿ ಎಂದು ಡೆಪ್ಯುಟಿ ಹಾಗ್‌ಲಂಡ್ ಅವರು ತಿಳಿಸಿದ್ದಾರೆ.

ಮಿಲೋ ಮತ್ತು ನನ್ನ ಗಂಡ ಚಿಕ್ಕಂದಿನ ಗೆಳೆಯರು. ಕೆರೆಯ ಮಂಜುಗಡ್ಡೆ ಕೊರೆಯಲು ಮಿಲೋ ಬಳಿ ಪೆಟ್ರೋಲ್ ಯಂತ್ರವಿದೆ. ಈ ಚಳಿಗಾಲ ನನ್ನ ಗಂಡ ಮಂಜುಗಡ್ಡೆ ಕೊರೆಯುವ ತನ್ನ ಕೈಬೈರಿಗೆಯ ಕೈಹಿಡಿ ತೆಗೆದುಹಾಕಿ, ಅದನ್ನು ಬ್ಯಾಟರಿ ಡ್ರಿಲ್ಲಿಗೆ ಸಿಕ್ಕಿಸಿದ. ಅಂದಿನಿಂದ ಇಬ್ಬರಿಗೂ ಇದೇ ವಾದ. ಆಟದ ಸಾಮಾನಿನಿಂದ ಕೊರೆಯುವವನು ಎಂದು ಮಿಲೋ, ಹೊಗೆ ಕುಡಿದು ಮೀನು ಹಿಡಿಯುವವನು ಎಂದು ನನ್ನ ಗಂಡ.

ಜನವರಿ 14, ಶನಿವಾರ ಮಧ್ಯಾಹ್ನ ಮೂರೂವರೆಗೆ ನಾನು ಮತ್ತು ನನ್ನ ಗಂಡ ಹೆಪ್ಪುಗಟ್ಟಿದ ಕೆರೆಯ ಮೇಲೆ ಮೀನು ಹಿಡಿಯಲು ನಿಲ್ಲಿಸಿರುವ ನಮ್ಮ ಗುಡಿಸಲಿಗೆ ಹೋದೆವು. ಚಳಿಗೆ ಬ್ಯಾಟರಿ ಸಾಯುತ್ತದೆಂದು ಅವನು ಅದನ್ನು ದಾರಿಯುದ್ದಕ್ಕೂ ಅಂಗಿಯೊಳಗೆ ಎದೆಗವಚಿಕೊಂಡು ಬಂದ. ಇಪ್ಪತ್ತೇಳು ವರ್ಷದ ಸಂಸಾರದಲ್ಲಿ ಅಂಥ ಜೋಪಾನ ನನಗೆ ಜ್ವರ ಬಂದಾಗಲೂ ಕಂಡಿಲ್ಲ. ಇದು ಕೇಸಿಗೆ ಬೇಕೇ ಎಂದು ಡೆಪ್ಯುಟಿಯವರು ಕೇಳಿದರು. ಬೇಕು, ಬರೆದುಕೊಳ್ಳಿ ಎಂದೆ.

ಗುಡಿಸಲಿನೊಳಗೆ ಮಂಜುಗಡ್ಡೆಯಲ್ಲಿ ಗಾಳ ಬಿಡುವ ಎರಡು ತೂತುಗಳಿವೆ. ಹಿಂದಿನ ದಿನ ತೆರೆದಿದ್ದವು, ರಾತ್ರಿ ನಾಲ್ಕು ಬೆರಳಿನಷ್ಟು ಮತ್ತೆ ಹೆಪ್ಪುಗಟ್ಟಿದ್ದವು. ಇಂಥ ಹಳೆಯ ತೂತನ್ನು ಹಾರೆಯಿಂದ ಕುಟ್ಟಿ ಬಿಡಿಸಬೇಕು, ಬೈರಿಗೆ ಇಡಬಾರದು. ಇಟ್ಟರೆ ಅದು ಹಳೆಯ ಅಂಚಿಗೆ ಗಕ್ಕನೆ ಕಚ್ಚಿಕೊಳ್ಳುತ್ತದೆ. ಕೈಯಿಂದ ತಿರುಗಿಸುವಾಗ ಬೈರಿಗೆ ನಿಂತರೆ ನಾವೂ ನಿಲ್ಲುತ್ತೇವೆ. ಡ್ರಿಲ್ ನಿಲ್ಲುವುದಿಲ್ಲ. ಬೈರಿಗೆ ತಿರುಗದಿದ್ದರೆ ಹಿಡಿದವರ ಕೈಯನ್ನು ತಿರುಗಿಸುತ್ತದೆ. ಅದಕ್ಕೆಂದೇ ಡ್ರಿಲ್ಲಿನ ಪಕ್ಕಕ್ಕೆ ಎರಡನೇ ಕೈಗೆ ಒಂದು ಉದ್ದನೆಯ ಹಿಡಿ ಕೊಟ್ಟಿರುತ್ತಾರೆ. ಇದೆಲ್ಲ ನನ್ನ ಗಂಡನಿಗೆ ಚೆನ್ನಾಗಿ ಗೊತ್ತು.

ಆದರೂ ಅವನು ಪಕ್ಕದ ಹಿಡಿಯನ್ನು ಬಿಚ್ಚಿ, ಡ್ರಿಲ್ಲನ್ನು ನನ್ನ ಕೈಗೆ ಕೊಟ್ಟು, ಫೋನ್ ಹಿಡಿದು ನಿಂತ. "ಒಂದೇ ಕೈಲಿ ಕೊರಿ. ಮಿಲೋಗೆ ವಿಡಿಯೋ ಕಳಿಸ್ಬೇಕು. ನಿನ್ನ ಪೆಟ್ರೋಲ್ ಮಿಷಿನ್ ಎತ್ತೋಕೆ ಇಬ್ರು ಬೇಕು, ಇಲ್ನೋಡು, ನನ್ ಹೆಂಡ್ತಿ ಒಂದ್ ಕೈಲಿ ಕೊರೀತಾಳೆ ಅಂತ."

"ಹಳೇ ತೂತು ಕಣೋ ಇದು. ಕಚ್ಕೊಳತ್ತೆ," ಎಂದೆ.

"ಹೊಸದು ಕೊರಿಯೋಕೆ ಹೊರಗೆ ಹೋಗ್ಬೇಕು. ಅಲ್ಲಿ ಗಾಳಿ, ವಿಡಿಯೋದಲ್ಲಿ ಮಾತು ಕೇಳ್ಸಲ್ಲ. ಸುಮ್ನೆ ಒತ್ತೇ, ಏನೂ ಆಗಲ್ಲ."

ನಾನು ಒತ್ತಿದೆ. ಕಚ್ಚಿಕೊಂಡಿತು. ಡ್ರಿಲ್ ನನ್ನ ಬಲಗೈಯನ್ನು ಸುತ್ತಿಸಿ ಗೋಡೆಯ ಮರಕ್ಕೆ ಬಡಿದು ನನ್ನನ್ನು ಕೆಡವಿತು. ಮಣಿಕಟ್ಟು ಮುರಿದ ಶಬ್ದ ನನಗೆ ಕೇಳಿಸಿತು. ನನ್ನ ಗಂಡ ನಗುತ್ತಿದ್ದ. ನಾನು ಬಿದ್ದದ್ದಕ್ಕೆ ನಕ್ಕ, ಮುರಿದದ್ದಕ್ಕಲ್ಲ ಎಂದು ಅವನ ಪರವಾಗಿ ಹೇಳಬಹುದು. ಆದರೆ ನಾನು ಏಳುವ ಮೊದಲೇ ಅವನು ಆ ವಿಡಿಯೋ ಮಿಲೋಗೆ ಕಳಿಸಿದ್ದ.

ಮುರಿದಿದೆ, ಆಸ್ಪತ್ರೆಗೆ ಕರೆದುಕೊಂಡು ಹೋಗು ಎಂದು ನಾನು ಹೇಳಿದೆ. ಅವನು ನನ್ನ ಕೈಗವಸಿನ ಮೇಲಿನಿಂದಲೇ ಮುಟ್ಟಿ ನೋಡಿ, ಉಳುಕಿರಬೇಕು ಎಂದ. "ಈಗ ಹೊತ್ತು ಮುಳುಗೋ ಟೈಮು, ವಾಲೈ ಮೀನು ಕಚ್ಚೋದೇ ಈಗ. ಮುಕ್ಕಾಲು ಗಂಟೆ ತಡ್ಕೋ. ಹೆಂಗೂ ನೋವು ಅಲ್ಲೂ ಇರತ್ತೆ, ಇಲ್ಲೂ ಇರತ್ತೆ."

ನಾನು ಒಪ್ಪಿದೆ. ಇದನ್ನು ಮುಚ್ಚಿಡುವುದಿಲ್ಲ. ಈ ಕೆರೆಯ ದಂಡೆಯಲ್ಲಿ ಹುಟ್ಟಿದವರು ಸಂಜೆ ವಾಲೈ ಮೀನು ಕಚ್ಚುವ ಹೊತ್ತಿಗೆ ಗುಡಿಸಲು ಬಿಟ್ಟು ಏಳುವುದಿಲ್ಲ. ನನ್ನಪ್ಪ ಏಳುತ್ತಿರಲಿಲ್ಲ, ನಾನೂ ಎದ್ದವಳಲ್ಲ. ಹಾಗೆ ಬೆಳೆದ ಬುದ್ಧಿಗೆ ನಾನು ಬೈದುಕೊಳ್ಳುತ್ತಾ ಬಕೆಟ್ಟಿನ ಮೇಲೆ ಕುಳಿತೆ. ನನ್ನ ಗಂಡ ಡ್ರಿಲ್ಲನ್ನು ಹಿಂದಕ್ಕೆ ತಿರುಗಿಸಿ ಬೈರಿಗೆಯನ್ನು ಬಿಡಿಸಿ, ಅದನ್ನು ಡ್ರಿಲ್ಲಿನಿಂದ ಕಳಚಿ ಗೋಡೆಗೆ ತೂಗುಹಾಕಿದ. ಡ್ರಿಲ್ಲನ್ನು ತನ್ನ ತೂತಿನ ಪಕ್ಕದಲ್ಲಿ ಇಟ್ಟ. ಆಮೇಲೆ ಎರಡೂ ತೂತುಗಳನ್ನು ಹಾರೆಯಿಂದ ಕುಟ್ಟಿ ತೆರೆದ. ಎರಡು ನಿಮಿಷವೂ ಹಿಡಿಯಲಿಲ್ಲ. ಅದನ್ನು ನೋಡಿಕೊಂಡು ಕುಳಿತಿದ್ದಾಗ ನನಗಾದ ಹೊಟ್ಟೆಯುರಿ ಮಣಿಕಟ್ಟಿನ ನೋವಿಗಿಂತ ಹೆಚ್ಚಿತ್ತು. ಒಂದು ಮೀನನ್ನು ನಾನು ಎಡಗೈಯಿಂದ ಎಳೆದೆ. ಶಭಾಷ್ ಎಂದ.

ಅಷ್ಟರಲ್ಲಿ ಮಿಲೋ ತನ್ನ ಹಿಮದ ಬಂಡಿಯಲ್ಲಿ ಬಂದ. ಅವನ ಗುಡಿಸಲು ನಮ್ಮದಕ್ಕೆ ಅರ್ಧ ಮೈಲಿ. ಬಾಗಿಲು ತೆರೆದವನು ನನ್ನ ಕೈ ನೋಡಿ, ನನ್ನ ಗಂಡನ ಕಡೆ ತಿರುಗಿದ.

"ವಿಡಿಯೋದಲ್ಲಿ ಕೈ ಮುರಿದಿದ್ದು ಕಾಣ್ಸತ್ತಲ್ಲೋ. ಇನ್ನೂ ಇಲ್ಲೇ ಕೂರ್ಸಿದೀಯ?"

"ಸೋತೆ ಅಂತ ಹೊಟ್ಟೆಕಿಚ್ಚು ನಿಂಗೆ. ಕತ್ತಲಾಗ್ಲಿ, ನಾನೇ ಕರ್ಕೊಂಡು ಹೋಗ್ತೀನಿ."

"ಹೊರಗೆ ಬಾ, ಮಾತಾಡ್ಬೇಕು."

ಇಬ್ಬರೂ ಹೊರಗೆ ಹೋದರು. ಮಿಲೋ ನನ್ನ ಗಂಡನನ್ನು ಹೊಡೆದಿಲ್ಲ. ಬೈದದ್ದು ನಿಜ. ಆ ಬೈಗುಳ ನನಗೆ ಗೋಡೆಯಾಚೆಯಿಂದ ಕೇಳಿಸಿತು, ನನಗೆ ಹಿತವಾಗಿತ್ತು.

ಆಗ ಗುಡಿಸಲಿನಲ್ಲಿ ನಾನೊಬ್ಬಳೇ ಇದ್ದೆ. ಡ್ರಿಲ್ ತೂತಿನ ಪಕ್ಕದಲ್ಲಿತ್ತು. ನಾನು ಬೂಟಿನ ತುದಿಯಿಂದ ಅದನ್ನು ತಳ್ಳಿದೆ. ತೂತಿನ ಬಾಯಲ್ಲಿ ಅಡ್ಡಲಾಗಿ ಸಿಕ್ಕಿಕೊಂಡಿತು. ಹಿಮ್ಮಡಿಯಿಂದ ಒತ್ತಿದೆ. ಒಳಗೆ ಹೋಯಿತು. ಅಲ್ಲಿ ಇಪ್ಪತ್ತೆರಡು ಅಡಿ ನೀರಿದೆ. ಇದನ್ನು ಮಾಡಿದವಳು ನಾನು, ಬೇಕೆಂದೇ ಮಾಡಿದೆ. ಮಿಲೋ ಅದನ್ನು ಮುಟ್ಟಿಲ್ಲ, ನೋಡಿಯೂ ಇಲ್ಲ.

ಡ್ರಿಲ್ ಹೋಗುವಾಗ ನನ್ನ ಗಂಡನ ಗಾಳದ ದಾರವನ್ನು ಸುತ್ತಿಕೊಂಡು ಹೋಯಿತು. ಬೆಂಡು ಮುಳುಗಿತು. ಅದೇ ಗಳಿಗೆಗೆ ಅವನು ಬಾಗಿಲು ತೆರೆದ. "ಕಚ್ತು! ಲಾವೋನ್, ಸರಿ ಆಕಡೆ, ದೊಡ್ಡದು ಕಚ್ಚಿದೆ!" ಎಂದು ಕೂಗಿ, ನನ್ನನ್ನು ಪಕ್ಕಕ್ಕೆ ತಳ್ಳಿ ಗಾಳದ ಕೋಲು ಹಿಡಿದ. ತಳ್ಳಿದ್ದು ಬಲಗೈ ಕಡೆಯಿಂದ. ನಾನು ಕೂಗಿದೆ. ಅವನು ತಿರುಗಿ ನೋಡಲಿಲ್ಲ. ಕೋಲು ಬಾಗಿ ದಾರ ಹರಿಯಿತು. ಕೈಗೆ ಬಂದದ್ದು ತಪ್ಪಿಹೋಯಿತಲ್ಲ ಎಂದು ಹಣೆ ಚಚ್ಚಿಕೊಂಡ. ನಾನು ಮಿಲೋನ ಬಂಡಿ ಹತ್ತಿ ಹೊರಟಾಗಲೂ ಅವನು ತೂತಿನ ಮೇಲೆ ಬಗ್ಗಿಯೇ ಇದ್ದ. ಆ ದಿನ ಭಾರಿ ಮೀನೊಂದು ತಪ್ಪಿಸಿಕೊಂಡಿತೆಂದು ಊರಿನ ಹೋಟೆಲಿನಲ್ಲಿ ಎಲ್ಲರಿಗೂ ಹೇಳುತ್ತಿದ್ದಾನೆಂದು ತಿಳಿಯಿತು. ಅದು ಅವನ ಡ್ರಿಲ್.

ಆಸ್ಪತ್ರೆಯಲ್ಲಿ ಮಣಿಕಟ್ಟಿಗೆ ಲೋಹದ ಪಟ್ಟಿ ಹಾಕಿದ್ದಾರೆ. ಬೇಸಿಗೆಯವರೆಗೆ ಕತ್ತರಿ ಹಿಡಿಯಬಾರದು, ಆಮೇಲೂ ಮೊದಲಿನಂತೆ ಆಗುತ್ತದೆಂದು ಹೇಳಲಾರೆ ಎಂದು ವೈದ್ಯರು ಹೇಳಿದ್ದಾರೆ. ಗಂಡ ಕೈ ಮಾಡಿದನೇ ಎಂದು ನರ್ಸ್ ಮೂರು ಸಲ ಕೇಳಿದರು. ಇಲ್ಲ, ಅವನು ಹೊಡೆದಿಲ್ಲ. ಹೊಡೆದಿದ್ದರೆ ಜನಕ್ಕೆ ಹೇಳಲು ಸುಲಭವಾಗುತ್ತಿತ್ತು.

ಸೋಮವಾರ ಪೊಲೀಸರು ಮಿಲೋ ಮನೆಗೆ ಹೋಗಿ ಕೇಳಿದಾಗ ಅವನು ಹೌದು ಎಂದಿಲ್ಲ, ಇಲ್ಲ ಎಂದೂ ಇಲ್ಲ. ಅದಕ್ಕೆ ಅವನ ಮೇಲೆ ಅನುಮಾನ ಬಂದಿದೆ. ಕಾರಣ ನನಗೆ ಗೊತ್ತು. ಶನಿವಾರ ಆಸ್ಪತ್ರೆಯಲ್ಲಿ ನಾನು ಡ್ರಿಲ್ಲಿನ ವಿಷಯ ಅವನಿಗೊಬ್ಬನಿಗೇ ಹೇಳಿದ್ದೆ. ಅವನು, "ಇದನ್ನ ಯಾರಿಗೂ ಹೇಳ್ಬೇಡ. ನಾನೇ ತಗೊಂಡೆ ಅಂದ್ಕೊಳ್ಳಲಿ ಬಿಡು. ಎಷ್ಟಂದ್ರೂ ನೀನು ಅದೇ ಮನೇಗೆ ವಾಪಸ್ ಹೋಗಿ ಬಾಳ್ಬೇಕು," ಎಂದಿದ್ದ.

ನಾನು ಆ ಮನೆಗೆ ವಾಪಸ್ ಹೋಗುವುದಿಲ್ಲ. ಆದ್ದರಿಂದ ಮಿಲೋ ನನಗಾಗಿ ಇನ್ನು ಸುಮ್ಮನಿರಬೇಕಾಗಿಲ್ಲ.

ಇದನ್ನು ನನಗೆ ಓದಿ ಹೇಳಲಾಯಿತು, ನಾನು ಹೇಳಿದಂತೆಯೇ ಇದೆ, ಸತ್ಯವಾಗಿದೆ. ಯಾರ ಬಲವಂತವೂ ಇಲ್ಲ.

ಸ್ಥಳ: ನೋರ್ಬಿ
ದಿನಾಂಕ: 18 ಜನವರಿ 2023

ಲಾವೋನ್ ಟೋರ್ಗರ್ಸನ್
(ಎಡಗೈಯಲ್ಲಿ ಮಾಡಿದ ಸಹಿ)

ನನ್ನ ಸಮಕ್ಷಮ: ಡೆಪ್ಯುಟಿ ಹಾಗ್‌ಲಂಡ್