ಬಂಡೆಯ ಮೇಲಿಟ್ಟ ಹಗುರ ಕೋವಿ

ಮೊಂಟಾನದ ನಮ್ಮೂರಿನ ಕೋವಿ ಅಂಗಡಿಯ ಸಾಲಿನಲ್ಲಿ ನನ್ನ ಮುಂದೆ ಡೆಲ್ಬರ್ಟ್ ಮತ್ತು ಅವನ ತೀರಿಹೋದ ತಮ್ಮನ ಮಗಳು ರೋಂಡಾ ನಿಂತಿದ್ದರು. ಹಿಂದಿನ ದಿನ ಅವಳ ಗುಂಡು ತಿಂದ ಎಲ್ಕ್ ಎಂಬ ದೊಡ್ಡ ಜಿಂಕೆ ಬೆಟ್ಟದ ಕಾಡು ಸೇರಿತ್ತು. ಕತ್ತಲಾಗುವವರೆಗೆ ಹುಡುಕಿದರೂ ಸಿಕ್ಕಿರಲಿಲ್ಲ.

"ಕೋವೀನ ಬಂಡೆ ಮೇಲಿಟ್ಟು ಹೊಡೆದ್ಯಾ?"

"ಹೂಂ ದೊಡ್ಡಪ್ಪ. ಅಪ್ಪ ಹಾಗೇ ಹೊಡೀತಿದ್ದ."

"ಅವನದು ಒನಕೆ ಥರ ಭಾರ, ಇಟ್ಟಲ್ಲೇ ಕೂರ್ತಿತ್ತು. ನಿಂದು ಪೊರಕೆ ಕಡ್ಡಿ. ಮುಂದುಗಡೆ ಬಿಗಿಯಾಗಿ ಹಿಡಿದು ಹೆಗಲಿಗೆ ಒತ್ಕೋಬೇಕು. ಇಲ್ಲದಿದ್ರೆ ಗುಂಡು ಹೊರಬೀಳೋ ಮೊದ್ಲೇ ಕೋವಿ ಎಗರುತ್ತೆ."

"ಇದನ್ನ ಈಗ ಹೇಳ್ತೀಯಲ್ಲ."

"ನೀನು ಯಾವತ್ತು ಕೇಳಿದ್ದೆ?"

"ರಾತ್ರಿಯೆಲ್ಲ ಅದರ ಉಸಿರು ಕೇಳಿಸ್ತು. ಬಾಗಿಲು ತೆಗೆದೂ ನೋಡ್ದೆ."

"ಬಿಡು. ಬೇಟೆ ಕಾಲ ಇನ್ನೂ ಎರಡು ವಾರ ಇದೆ. ಬೇರೆ ಸಿಗುತ್ತೆ."

"ವರ್ಷಕ್ಕೆ ಒಂದೇ ಎಲ್ಕ್. ನಂದು ಮುಗೀತು. ಸಿಕ್ಕಿತು ಅಂತ ಲೆಕ್ಕ ಹಾಕಿ ಬೇಟೆ ಪರವಾನಗಿ ಚೀಟಿ ಕತ್ತರಿಸಿಬಿಟ್ಟೆ."

"ಸಿಗದೇ ಇರೋದಕ್ಕೆ ಚೀಟಿ ಕತ್ತರಿಸು ಅಂತ ಕಾನೂನಿಲ್ಲ ಮಗಳೇ."

"ಅಪ್ಪ ಕತ್ತರಿಸ್ತಿದ್ದ."

ಡೆಲ್ಬರ್ಟ್ ಅವಳ ಕೈಯಲ್ಲಿದ್ದ ತೋಟಾ ಡಬ್ಬಿ ನೋಡಿದ.

"ಮತ್ತೆ ಕೈಯಲ್ಲಿರೋ ತೋಟಾ ಯಾರಿಗೆ?"

"ಅದು ಇನ್ನೂ ಬದುಕಿದ್ರೆ?"

ಅವನು ಅವಳ ಕೈಯಿಂದ ಡಬ್ಬಿ ತೆಗೆದುಕೊಂಡು ತಾನೇ ಹಣ ಕೊಟ್ಟ. ಹೊರಗೆ ಅವರ ಗಾಡಿ ಮನೆಯ ದಾರಿ ಬಿಟ್ಟು ಬೆಟ್ಟದ ಕಡೆ ತಿರುಗಿತು.