ಕೈ ಬಿಚ್ಚಣ್ಣಾ

ಇದು ಎಲ್ಲೋ ಕೇಳಿದ್ದಲ್ಲ. ದೇಶನೂರಾಗ ನಮ್ಮ ದೊಡ್ಡಮ್ಮನ ಮಗ ಸುಂಕಪ್ಪಗ ಆಗಿದ್ದು. ಲೈಟು ಆರಿಸಬ್ಯಾಡ್ರಿ... ಇರಲಿ. ಹೇಳ್ತೀನಿ.

ಅವತ್ತು ರಾತ್ರಿ ಸುಂಕಪ್ಪ ಬಳ್ಳಾರಿಯಿಂದ ಕಡೀ ಬಸ್ಸಿಗೆ ಬಂದು ಸಿರುಗುಪ್ಪದಾಗ ಇಳದ. ಯಾರದೋ ಆಟೋ ಹಿಡದು ಊರ ಕ್ರಾಸಿಗೆ ಬಂದ. ಅಲ್ಲಿಂದ ಕಾಲುವಿ ಏರಿ ಮ್ಯಾಲ ನಡೀಬೇಕು. ನಡುವ ಒಂದು ದೊಡ್ಡ ಆಲದಮರ. ಕತ್ತಲಾದ ಮ್ಯಾಲ ಆ ಕಡಿ ಯಾರೂ ಅಡ್ಡಾಡಂಗಿಲ್ಲ. ಗದ್ದಿಯಾಗ ಕಪ್ಪಿ ವಟವಟ ಅಂತಿದ್ವು.

ಅವನ ತಲಿಯಾಗ ಆಸ್ಪತ್ರಿ ಒಂದೇ ಇತ್ತು. ತಮ್ಮ ಹನುಮೇಶ ಐಸಿಯುದಾಗ ಬಿದ್ದಿದ್ದ. ಭತ್ತ ಕೊಯ್ಯೋ ಮಷೀನು ಓಡಿಸ್ಕೊಂಡು ಕುರುಗೋಡು, ಸಿಂಧನೂರು, ಆದೋನಿ ಅಂತ ಊರೂರು ತಿರುಗಾಂವ. ಎಚ್‌ಐವಿ ಐತಿ ಅಂತ ಗೊತ್ತಾದಾಗ ಗುಳಿಗಿ ಶುರು ಮಾಡಿದ್ರು. ಆರಾಮನೂ ಆಗಿದ್ದ. ಆದ್ರ ನಾಕ ಮಂದಿ ಜೊತಿ ಒಂದೇ ರೂಮಿನಾಗ ಮಲಗಾಂವ... ಗುಳಿಗಿ ಡಬ್ಬಿ ಕಂಡ್ರ ಏನಂತಾರೋ ಅಂತ ಅಂಜಿ ಬಿಟ್ಟೇ ಬಿಟ್ಟ. ಎರಡು ಸುಗ್ಗಿ ಕಳೆಯೋದ್ರಾಗ ಮೈ ಕಡ್ಡಿ ಆತು. ಊರಿಗೆ ಬಂದ. ಸುಂಕಪ್ಪನ ಹೆಂಡತಿ ಅವಗ ದನದ ಕೊಟ್ಟಿಗ್ಯಾಗ ಹಾಸಿಗಿ ಹಾಕಿದ್ಲು. ಸುಂಕಪ್ಪ ಬಾಯಿ ಬಿಡ್ಲಿಲ್ಲ. ಕಡೀಗೆ ಉಸಿರು ಹತ್ತಿದಾಗ ಎತ್ತಿ ಗಾಡಿಗೆ ಹಾಕಿದ್ದೂ ಆಂಬುಲೆನ್ಸಿನಾವ್ರೇ. ಅಣ್ಣ ದೂರ ನಿಂತಿದ್ದ.

ಅವತ್ತು ಸಂಜಿಗೆ ಒಳಗ ಬಿಟ್ಟಿದ್ರು. ಹನುಮೇಶನ ಗಂಟಲಾಗ ಪೈಪು. ಉಸಿರೆಲ್ಲಾ ಮಷೀನಿಂದು... ಸೊಂಯ್... ಟಕ್. ಸೊಂಯ್... ಟಕ್. ಪೈಪು ಕಿತ್ಕೋತಾನಂತ ಎರಡೂ ಕೈ ಬ್ಯಾಂಡೇಜ್ ಬಟ್ಟಿಲೆ ಮಂಚಕ್ಕ ಕಟ್ಟಿದ್ರು. ಕಣ್ಣು ತೆರದಿದ್ದ. ಅಣ್ಣನ್ನ ನೋಡಿ ಬೆರಳು ಆಡಿಸಿದ.

"ಕೈ ಹಿಡೀರಿ," ಅಂದ್ರು ಡಾಕ್ಟರು ಶೀಲಾ. "ಮುಟ್ಟಿದ್ರ ಬರೋ ರೋಗ ಅಲ್ಲರಿ ಇದು. ಭಾಳ ಆಸಿ ಇಟ್ಕೋಬ್ಯಾಡ್ರಿ... ಇವತ್ತೊಂದು ರಾತ್ರಿ ಇಲ್ಲೇ ಇರ್ರಿ."

ಸುಂಕಪ್ಪ ಹಿಂದ ಸರದ. "ಊರಿಗೆ ಹೋಗಿ ಬಟ್ಟಿ ತರ್ತೀನ್ರಿ," ಅಂದ. ತಿರುಗಿ ನೋಡ್ಲಿಲ್ಲ.

ಈಗ ಆಲದಮರ ಹತ್ರ ಬಂತು. ಕಪ್ಪಿ ಒಮ್ಮಿಗೇ ಬಾಯಿ ಮುಚ್ಚಿದ್ವು. ಬಿಳಲಿನ ಹಿಂದಿಂದ...

ಸೊಂಯ್... ಟಕ್.

ನಿಂತ. ಕಾಲುವಿ ನೀರಿರಬೇಕು ಅಂದ್ಕೊಂಡ. ನೀರು ಎಲ್ಲೆರ ಟಕ್ ಅಂತೈತೇನು?

"ಯಾರ್ಲೇ?"

"ನಾನಣ್ಣಾ..."

ಗೊಗ್ಗರು ದನಿ. ಗಂಟಲಾಗ ಏನೋ ಸಿಕ್ಕೊಂಡಾಂವ ಮಾತಾಡಿದಂಗ.

"ಹನುಮ್ಯಾ? ಹೆಂಗ ಬಂದ್ಯೋ?"

"ಕೈ ಕಟ್ಯಾರ. ಬಿಚ್ಚಣ್ಣಾ."

ಕತ್ತಲಾಗಿಂದ ಎರಡು ಕೈ ಮುಂದ ಬಂದ್ವು. ಮುಖ ಇರಲಿಲ್ಲ, ಕತ್ತಲಿತ್ತು. ಸುಂಕಪ್ಪ ಓಡಾಕ ತಿರುಗಿದ. ಆವಾಗ ಬೆರಳು ಆಡಿದ್ವು... ಸಂಜಿಗೆ ಆಡಿದ್ವಲ್ಲ, ಹಂಗ. ಸುಂಕಪ್ಪ ಹೊಳ್ಳಿ ಬಂದ. ಕೈ ಹಿಡದ. ಬಾವಿ ನೀರಿನಂಗ ತಣ್ಣಗಿದ್ವು. ಬಟ್ಟಿ ಒದ್ದಿ, ಗಂಟು ಬಿಗಿ. ಹಲ್ಲಿಲೆ ಕಚ್ಚಿ ಎಳದ. ಒಂದು ಬಿಚ್ಚಿತು. ಅಳಕೋತ ಇನ್ನೊಂದನ್ನೂ ಬಿಚ್ಚಿದ.

"ನಡಿ ತಮ್ಮಾ, ಮನಿಗೆ ಹೋಗೂಣು. ಕೊಟ್ಟಿಗಿ ಬ್ಯಾಡ."

ಸೊಂಯ್... ಅಂತು.

ಟಕ್ ಅನ್ನಲಿಲ್ಲ.

ಅವನ ಕೈಯಾಗ ಏನೂ ಇರಲಿಲ್ಲ. ಕಪ್ಪಿ ಮತ್ತ ವಟವಟ ಶುರು ಮಾಡಿದ್ವು. ಕಿಸೆದಾಗ ಫೋನು ಗುರ್... ಗುರ್... ಅಂತು.

"ಸುಂಕಪ್ಪಾರ..." ಡಾಕ್ಟರು ಶೀಲಾ ಅವರ ದನಿ. "ನಿಮ್ಮ ತಮ್ಮ ಹೋದ್ರು. ಪೈಪು ಕಿತ್ಕೊಂಡಾರ. ಕೈ ಬಿಗಿ ಕಟ್ಟಿದ್ವಿ, ಸಿಸ್ಟರೂ ಅಲ್ಲೇ ಕುಂತಿದ್ರು... ಯಾರು ಬಿಚ್ಚಿದ್ರೋ ತಿಳೀವಲ್ದು."

ಯಾರು ಬಿಚ್ಚಿದ್ರು ಅಂತ ಸುಂಕಪ್ಪಗ ಗೊತ್ತಿತ್ತು. ಯಾರ ಮುಂದ ಹೇಳ್ತಾನ? ಎಷ್ಟೋ ದಿನದ ಮ್ಯಾಲ ನನ್ನ ಮುಂದಷ್ಟ ಹೇಳಿದ. ಇಷ್ಟು ದಿನ ಮುಟ್ಟಲಾರದಾಂವ ಒಮ್ಮಿ ಮುಟ್ಟಿದ. ಅದರಾಗೇ ತಮ್ಮ ಹೋದ.

ಮನಿ ಹೆಂಗ ಮುಟ್ಟಿದ್ನೋ ಅವಗೇ ನೆನಪಿಲ್ಲ. ಅವ್ವ ಉಚ್ಚೆಂಗೆಮ್ಮ ಕದ ತೆಗೆದ್ಲು. ಇವನಿನ್ನೂ ಬಾಯಿ ತೆರೆದಿಲ್ಲ, ಆಕಿನೇ ಪಿಸುಗುಟ್ಟಿದ್ಲು:

"ಮೆಲ್ಲಕ ಬಾ. ಹನುಮೇಶ ಈಗರ ಬಂದು ಜಳಕ ಮಾಡಿ ಮಲಗ್ಯಾನ."

"ಎಲ್ಲಿ ಬೇ?"

"ಪಡಸಾಲಿಯಾಗ. ಯಾಕ?"

ಪಡಸಾಲಿಯಾಗ ಯಾರೂ ಇರಲಿಲ್ಲ.

ನೀವು ನಂಬ್ರಿ, ಬಿಡ್ರಿ. ಸುಳ್ಳಾಡಿದ್ರ ನನ್ನ ನಾಲಿಗಿ ಬಿದ್ದು ಹೋಗ್ಲಿ. ಹನುಮೇಶನ ಮಣ್ಣಿಗೆ ಹೋಗಾಕಂತ ನಾನು ಅವರ ಮನಿಗೆ ಹೋದಾಗ ಬಿಸಿಲು ಏರಿತ್ತು, ಮನ್ಯಾಗ ಇನ್ನಾ ಯಾರೂ ಜಳಕ ಮಾಡಿರಲಿಲ್ಲ. ಹಿತ್ತಲದಾಗ ಕಾಲು ತೊಳಿಯಾಕ ಹೋಗಿ ಈ ಕಣ್ಣಿಲೆ ನೋಡೀನಿ... ಬಚ್ಚಲ ಕಲ್ಲು ಹಸಿ ಇತ್ತು. ಅದರ ಮ್ಯಾಲ ಸೋಪಿನ ನೊರಿ ಇನ್ನಾ ಆರಿರಲಿಲ್ಲ.